ಬಾಬಾಜಾನನಿಗೊಂದು ಹಗುರ ಕಿಟ್ಲಿ

ಹಾನಗಲ್ಲಿನ ಪಾತ್ರೆ ಅಂಗಡಿಯ ಕರಬಸಪ್ಪನಿಗೆ ನಾನು ಹೇಳಿದ್ದು ಒಂದೇ ಮಾತು, ಚಹಾ ಕಾಸಲಿಕ್ಕೆ ಹಗುರವಾದ ಒಂದು ಕಿಟ್ಲಿ ಬೇಕು ಅಂತ. ಅವನು ಒಳಗೆ ಹೋಗಿ ದಪ್ಪ ತಳದ ಸ್ಟೀಲಿನ ಕಿಟ್ಲಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದು, ತಕ್ಕಡಿಯ ಮೇಲೆ ಧಪ್ಪನೆ ಇಟ್ಟು, ಅಂಕಿ ಏರಿದ್ದನ್ನು ನೋಡಿ ಹಿಗ್ಗಿದ.

"ನೋಡ್ರಿ ತೂಕಾ ಹೆಂಗೈತಿ! ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾಳಿಕಿ ಬರತೈತಿ."

"ಕರಬಸಪ್ಪಾ, ನಾ ಹಗುರಂದ ಕೇಳೇನಿ."

"ಹಗುರಂದ ಯಾಕ ಒಯ್ತೀರಿ? ಬರೇ ತಗಡು ಅದು. ನಾಳೆ ಮನ್ಯಾಗ ಬೈಸ್ಕೊಂಡು ನನ್ನ ಅಂಗಡಿ ಹೆಸರ ಕೆಡಸ್ತೀರಿ."

ಇದು ನಮ್ಮ ಕಡೆಯ ರೋಗ. ಪಾತ್ರೆಯನ್ನು ತೂಕದ ಮೇಲೆ ಮಾರುತ್ತಾರೆ, ತೂಕದ ಮೇಲೆ ಕೊಳ್ಳುತ್ತಾರೆ, ಮದುವೆಯಲ್ಲಿ ಉಡುಗೊರೆ ಬಂದ ಕೊಡವನ್ನು ಹೆಂಗಸರು ಒಂದು ಸಲ ಎತ್ತಿ ನೋಡಿ ಕೊಟ್ಟವರ ಯೋಗ್ಯತೆ ಹೇಳಿಬಿಡುತ್ತಾರೆ. ಹಗುರ ಪಾತ್ರೆ ಅಂದರೆ ಮೋಸ ಅಂತಲೇ ಅರ್ಥ. ಅಂಥ ಊರುಗಳಲ್ಲಿ ನಾನು ಹಗುರ ಕಿಟ್ಲಿ ಹುಡುಕಿಕೊಂಡು ಹೊರಟಿದ್ದೆ. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ.

ನಾನು ಮಲ್ಲೇಶಪ್ಪ, ಅಕ್ಕಿಆಲೂರಿನವನು, ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಜೀವನವಿಡೀ ಚಿಲ್ಲರೆ ಕೊಡದವರ ಜೊತೆ ಜಗಳವಾಡಿ ನನ್ನ ಗಂಟಲು ದೊಡ್ಡದಾಗಿದೆ, ತಾಳ್ಮೆ ಸಣ್ಣದಾಗಿದೆ. ನನ್ನ ಬಸ್ಸಿನ ಡ್ರೈವರ್ ಸವಣೂರಿನ ಬಾಬಾಜಾನ. ಯಾವುದೋ ಹಳ್ಳಿಯಲ್ಲಿ ರಾತ್ರಿ ಬಸ್ ನಿಲ್ಲಿಸಿ, ಸೀಟಿನ ಮೇಲೆ ಮಲಗಿ, ಬೆಳಗಾಗುತ್ತಲೇ ಮುಂದಿನ ಗಾಲಿಯ ಮರೆಯಲ್ಲಿ ಸ್ಟೋವ್ ಹಚ್ಚಿ ಅವನು ಚಹಾ ಮಾಡುತ್ತಿದ್ದ. ನನ್ನ ಹೆಂಡತಿ ಅನ್ನವ್ವನ ಕೈಯ ಚಹಾಕ್ಕಿಂತ ಹೆಚ್ಚು ಅವನ ಕೈಯ ಚಹಾ ಕುಡಿದಿದ್ದೇನೆ. ಈ ಮಾತನ್ನು ಮನೆಯಲ್ಲಿ ಹೇಳುವುದಿಲ್ಲ.

ಕೆಲಸ ಬಿಟ್ಟ ಮೇಲೆ ನಮಗೆ ಒಂದು ಹುಚ್ಚು ಹಿಡಿಯಿತು. ಪ್ರತಿ ವರ್ಷ ಚಳಿ ಬಿದ್ದ ಮೇಲೆ ಬೆನ್ನಿಗೆ ಚೀಲ ಕಟ್ಟಿಕೊಂಡು ಶಿರಸಿಯಾಚೆಯ ಘಟ್ಟದ ಹಾದಿಯಲ್ಲಿ ಕೆಲವು ದಿನ ನಡೆದು ಬರುವುದು. ಟೆಂಟು, ಹಾಸಿಗೆ, ಅವಲಕ್ಕಿ, ಚಟ್ನಿ ನನ್ನ ಬೆನ್ನಿಗೆ. ಸ್ಟೋವ್, ಕಿಟ್ಲಿ, ಚಹಾಪುಡಿ, ಹಾಲಿನ ಪುಡಿ ಅವನ ಬೆನ್ನಿಗೆ. ಒಬ್ಬರ ಹೊರೆ ಇನ್ನೊಬ್ಬರು ಮುಟ್ಟಬಾರದು, ಅದು ಅವನ ಕಾನೂನು. ಕಿಟ್ಲಿ ಅವರಪ್ಪನ ಕಾಲದ ಹಿತ್ತಾಳೆಯದು, ಕರಬಸಪ್ಪ ನೋಡಿದರೆ ಕಣ್ಣಿಗೊತ್ತಿಕೊಳ್ಳುವಷ್ಟು ಭಾರ.

ಈ ಮಳೆಗಾಲದಲ್ಲಿ ಬಾಬಾಜಾನನಿಗೆ ಲಕ್ವಾ ಹೊಡೆಯಿತು. ದೇವರು ದೊಡ್ಡವನು, ಮಾತು ಉಳಿಯಿತು, ಕಾಲು ಉಳಿಯಿತು. ದಿನಾ ನಡೆಯಿರಿ, ಒಳ್ಳೆಯದು ಅಂತ ಡಾಕ್ಟರರೇ ಹೇಳಿದರು. ಅವನು ಸವಣೂರಿನ ಎಲೆಬಳ್ಳಿ ತೋಟಗಳನ್ನೆಲ್ಲ ದಿನಾ ಒಂದು ಸುತ್ತು ಹಾಕಿ ಬರುತ್ತಿದ್ದ. ಚಳಿ ಶುರುವಾದ ಮೇಲೆ ನಾನು ಹೋಗಿ ಯಾವಾಗ ಹೊರಡೋಣ ಅಂದೆ.

"ನಾ ಬರಂಗಿಲ್ಲ ಮಲ್ಯಾ. ಆ ಕಿಟ್ಲಿ ನನ್ನ ಕೈಲೆ ಆಗಂಗಿಲ್ಲ."

"ನಾ ಹೊರತೇನಿ ತಗೋ."

"ನನ್ನ ಸಾಮಾನ ನೀ ಹೊರೂದಾದ್ರ ನಾ ಯಾಕ ಬರಬೇಕು? ಹೆಣಾ ಒಯ್ದಂಗ ನನ್ನೂ ಹೊತ್ಕೊಂಡ ಹೋಗು ಹಂಗಾರ."

ಅಷ್ಟಂದು ಶಾಲು ಹೊದ್ದು ಗೋಡೆಯ ಕಡೆ ತಿರುಗಿ ಕುಳಿತ. ನಾನು ಬಸ್ಸಿನಲ್ಲಿ ವಾಪಸು ಬರುವಾಗ ಲೆಕ್ಕ ಹಾಕಿದೆ. ಇವನಿಗೆ ಘಟ್ಟ ಬೇಡವಾಗಿಲ್ಲ, ಕಿಟ್ಲಿ ಭಾರವಾಗಿದೆ. ಕಿಟ್ಲಿ ಹಗುರಾದರೆ ಇವನು ಬರುತ್ತಾನೆ. ಬರದಿದ್ದರೆ ನಾನೂ ಹೋಗುವುದಿಲ್ಲ, ಮುಂದಿನ ವರ್ಷ ಇಬ್ಬರೂ ಇನ್ನಷ್ಟು ಮುದುಕರಾಗಿರುತ್ತೇವೆ, ಅಲ್ಲಿಗೆ ಮುಗಿಯಿತು.

ಹಾನಗಲ್ಲಿನಲ್ಲಿ ಸಿಗಲಿಲ್ಲ, ಶಿಗ್ಗಾವಿಗೆ ಹೋದೆ. ಅಲ್ಲಿಯ ಅಂಗಡಿಯವನು ಕರೆಂಟಿನ ಕಿಟ್ಲಿ ತೆಗೆದು, "ಇದಕ್ಕಿಂತ ಹಗುರ ಬರಂಗಿಲ್ರಿ, ಬಟನ್ ಒತ್ತಿದ್ರ ಮುಗೀತು" ಅಂದ. ಕಾಡಿನಲ್ಲಿ ಪ್ಲಗ್ ಯಾವ ಗಿಡಕ್ಕೆ ಹಾಕಲಪ್ಪಾ ಅಂತ ಕೇಳಿದೆ. ಅವನಿಗೆ ಸಿಟ್ಟು ಬಂತು, ನನಗೆ ಮೊದಲೇ ಬಂದಿತ್ತು. ಹಿರೇಕೆರೂರಿನವನು ಹೋಟೆಲಿನವರು ಒಯ್ಯುವ ಜರ್ಮನ್, ಅಂದರೆ ಅಲ್ಯುಮಿನಿಯಂ, ಕಿಟ್ಲಿ ತೋರಿಸಿದ. ತಗಡೇನೋ ತೆಳುವಾಗಿತ್ತು, ಆದರೆ ಒಳಗೆ ಒಂದು ಕೂಸನ್ನು ಕೂರಿಸಿ ನೀರು ಎರೆಯಬಹುದಿತ್ತು. ಸಣ್ಣದು ಇಲ್ಲವೇನು ಅಂದರೆ, "ಸಣ್ಣದು ಯಾರ ಒಯ್ತಾರ್ರಿ? ಮನಿಗೆ ನಾಲ್ಕ ಮಂದಿ ಬಂದ್ರ ಏನ ಮಾಡ್ತೀರಿ?" ಅಂತ ನನಗೇ ತಿರುಗಿ ಬಿದ್ದ. ಗುಡ್ಡದ ಮೇಲೆ ನನ್ನ ಟೆಂಟಿಗೆ ಯಾವ ಬೀಗರು ಬರುತ್ತಾರೋ ಗೊತ್ತಿಲ್ಲ. ಉರಿದುಕೊಂಡು ಬಂದೆ.

ಮಗಳು ರಂಜನಾ ಮೊಬೈಲಿನಲ್ಲಿ ತರಿಸುತ್ತೇನೆ ಅಂದಳು. ಚಿತ್ರದಲ್ಲಿ ಕಿಟ್ಲಿ ಬಹಳ ಚೆನ್ನಾಗಿತ್ತು. ಡಬ್ಬಿ ಒಡೆದು ನೋಡಿದರೆ ಹುಡುಗಿಯರು ಆಟವಾಡುವ ಪಾತ್ರೆಯಷ್ಟಿದೆ! ಅದರಲ್ಲಿ ಬಾಬಾಜಾನ ಚಹಾ ಮಾಡಿದರೆ ಮೂಗಿಗೂ ಸಾಲುವುದಿಲ್ಲ.

"ಅಪ್ಪಾ, ಅಳತಿ ಬರದಿದ್ರು, ನಾ ನೋಡಲಿಲ್ಲ" ಅಂದಳು.

"ಕಾಲೇಜು ಕಲ್ತಿ, ಅದೊಂದು ಓದಾಕ ಆಗಲಿಲ್ಲೇನು?"

"ಸಿಟ್ಟಿಗೇಳಬ್ಯಾಡ, ವಾಪಸ್ ಕಳಸ್ತೇನಿ. ನೀನ ಬಾಜೂ ಕುಂದ್ರು, ಕೂಡಿ ನೋಡೋಣು."

ಹಾಗೆ ಕುಳಿತು ನೋಡಿದೆವು. ಒಂದಕ್ಕೆ ತಳ ಸಣ್ಣದು, ಪುಟ್ಟ ಗ್ಯಾಸ್ ಸ್ಟೋವಿನ ಮೇಲೆ ನಿಲ್ಲುವುದಿಲ್ಲ. ಇನ್ನೊಂದಕ್ಕೆ ಮುಚ್ಚಳ ಸಡಿಲು, ಬಗ್ಗಿಸಿದರೆ ಚಹಾದ ಜೊತೆ ಅದೂ ಬಸಿಗೆ ಬೀಳುತ್ತದೆ ಅಂತ ಕೊಂಡವರೇ ಬರೆದಿದ್ದರು. ಟೈಟಾನಿಯಂ ಅಂತ ಒಂದಿತ್ತು, ಅದರ ಬೆಲೆ ಕೇಳಿ ನಾನು ಮೊಬೈಲನ್ನೇ ಬೋರಲು ಹಾಕಿದೆ. ಕೊನೆಗೆ ಇಬ್ಬರಿಗೆ ಸಾಕಾಗುವ, ಅಗಲ ತಳದ, ಹಿಡಿಕೆ ಮಡಚುವ ಒಂದು ಅಲ್ಯುಮಿನಿಯಂ ಕಿಟ್ಲಿ ಸಿಕ್ಕಿತು. ಬಂದ ದಿನ ಕಿರುಬೆರಳಿಗೆ ಸಿಕ್ಕಿಸಿಕೊಂಡು ಮನೆತುಂಬ ಓಡಾಡಿದೆ. ಇದ್ದದ್ದೇ ಗೊತ್ತಾಗುತ್ತಿರಲಿಲ್ಲ.

ಅನ್ನವ್ವ ಎತ್ತಿ ನೋಡಿ ಮುಖ ಸಿಂಡರಿಸಿದಳು. "ಇದೇನ್ರಿ, ಗಾಳಿ ಬಂದ್ರ ಹಾರಿ ಹೋಕ್ಕೈತಿ. ಇಂಥಾದ್ದನ್ನ ಒಬ್ಬರಿಗೆ ಕೊಡ್ತಾರೇನು? ಬಾಬಾಜಾನರ ಹೇಣ್ತಿ ರಹಿಮಾಬಿ ಏನಂತ ತಿಳ್ಕೊಂಡಾಳು? ಹೆಸರರೆ ಹಾಕಿಸ್ರಿ, ಕೊಟ್ಟಿದ್ದಕ್ಕ ಒಂದ ಮರ್ಯಾದಿ ಇರ್ಲಿ."

ಈ ಮಾತು ನನಗೆ ಸರಿಯೆನಿಸಿತು. ನಮ್ಮ ಮನೆಯಲ್ಲಿ ಹೆಸರಿಲ್ಲದ ಪಾತ್ರೆ ಒಂದೂ ಇಲ್ಲ, ಚಮಚದ ಹಿಡಿಕೆಯ ಮೇಲೂ ಯಾರೋ ಅತ್ತೆಯ ಹೆಸರಿದೆ. ಸವಣೂರಿಗೆ ಹೋದವನೇ ಪೇಟೆಯಲ್ಲಿ ಹೆಸರು ಹಾಕುವ ಮುಬಶೀರನ ಮುಂದೆ ಕಿಟ್ಲಿ ಇಟ್ಟೆ. ಅವನು ಚಾಣ ತೆಗೆದುಕೊಂಡು, "ಮ್ಯಾಲಿಂದ ಮ್ಯಾಲ ಹಾಕ್ಲೇನ್ರಿ, ಒತ್ತಿ ಹಾಕ್ಲಿ?" ಅಂದ. "ಒತ್ತಿ ಹಾಕು. ತಿಕ್ಕಿದ್ರೂ ಅಳಸಬಾರದು" ಅಂದೆ. ಚುಕ್ಕಿ ಚುಕ್ಕಿಯಾಗಿ ಕಿಟ್ಲಿಯ ಕಂಠದ ಕೆಳಗೆ ಬಾಬಾಜಾನ ಅಂತ ದುಂಡಗೆ ಬಂತು. ಖಾಲಿ ಪಾತ್ರೆ ಕೊಡಬಾರದು ಅಂತ ಪಕ್ಕದ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ತುಂಬಿಸಿಕೊಂಡು ಅವನ ಮನೆಗೆ ನಡೆದೆ.

ಬಾಬಾಜಾನ ಪಡಸಾಲೆಯ ಮಂಚದ ಮೇಲೆ ಶಾಲು ಹೊದ್ದು ಕುಳಿತಿದ್ದ. ಅವನ ಹೆಂಡತಿ ರಹಿಮಾಬಿ ಸಕ್ಕರೆಯನ್ನು ಡಬ್ಬಿಗೆ ಸುರುವಿ ಕಿಟ್ಲಿಯನ್ನು ಅವನ ಎಡಗೈಗೆ ಕೊಟ್ಟಳು. ಅವನ ಹುಬ್ಬು ಮೇಲೇರಿತು.

"ಏನಪಾ ಇದು, ಕೈಯಾಗ ಏನೂ ಇಲ್ಲದಂಗ ಐತಿ!" ಕಿಟ್ಲಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿಕೆ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಹೆಸರನ್ನು ಹೆಬ್ಬೆರಳಿನಿಂದ ಸವರಿದ. "ನನ್ನ ಹೆಸರ ಬ್ಯಾರೆ ಹಾಕಿಸೀದಿ. ಹುಚ್ಚ ಸೂಳೇಮಗನ!"

ಇಷ್ಟು ದಿನದ ಅಲೆದಾಟ ಸಾರ್ಥಕವಾಯಿತು ಅಂದುಕೊಂಡೆ. "ಏಳು, ಇದರಾಗ ಒಂದ ಚಹಾ ಆಗಲಿ. ನಾಡದ ಹೊರಡೋಣು" ಅಂದೆ. ರಹಿಮಾಬಿ ಅಟ್ಟದಿಂದ ನಮ್ಮ ಪುಟ್ಟ ಸ್ಟೋವ್ ಇಳಿಸಿ ಅಂಗಳದಲ್ಲಿಟ್ಟಳು. ನಾನೇ ಕಿಟ್ಲಿಗೆ ಕಂಠಪೂರ್ತಿ ನೀರು ತುಂಬಿ ಮೇಲಿಟ್ಟೆ. ಚುಂಯ್ ಅಂತ ಸದ್ದಾಯಿತು. ಬೆಂಕಿ ಹಳದಿಯಾಗಿ, ಕೆಮ್ಮಿ, ಆರಿಹೋಯಿತು. ಎತ್ತಿ ನೋಡಿದರೆ ಬಾಬಾಜಾನನ ಜಾ ಅಕ್ಷರದಿಂದ ನೀರು ಹನಿಯುತ್ತಿದೆ. ಮುಬಶೀರನ ಚಾಣ ಆರಪಾರ ಇಳಿದಿತ್ತು.

ನನ್ನ ಬಾಯಿಂದ ಏನೇನು ಬಂತೋ ಬರೆಯಲಾರೆ. ಮುಬಶೀರನನ್ನು ಬೈದೆ, ಹೆಸರು ಹಾಕಿಸು ಅಂದ ಅನ್ನವ್ವನನ್ನು ಬೈದೆ, ಒತ್ತಿ ಹಾಕು ಅಂದ ನನ್ನ ಬಾಯಿಗೆ ನಾನೇ ಬಡಿದುಕೊಂಡೆ. ರಹಿಮಾಬಿ ಸೆರಗು ಅಡ್ಡ ಹಿಡಿದು ನಕ್ಕಳು. ಬಾಬಾಜಾನ ಮಾತ್ರ ನೆಲದ ಮೇಲೆ ಬಂದು ಕುಳಿತು, ಕೆಟ್ಟ ಇಂಜಿನ್ ನೋಡುವವನ ಹಾಗೆ ತೂತು ನೋಡಿದ.

"ಡೀಸೆಲ್ ಟ್ಯಾಂಕ್ ಆಗಿದ್ರ ಸಾಬೂನ ಮೆತ್ತಿ ಹೊಡ್ಕೊಂಡ ಹೋಗ್ತಿದ್ದೆ. ಬಡಕೋಬ್ಯಾಡ, ತೂತು ಮ್ಯಾಲೈತಿ. ಅರ್ಧಾ ನೀರ ಹಾಕು, ಸೋರಂಗಿಲ್ಲ."

ಅರ್ಧ ನೀರಿನಲ್ಲಿ ಅವನು ಹೇಳಿದ ಹಾಗೆ ನಾನು ಪುಡಿ, ಸಕ್ಕರೆ, ಶುಂಠಿ, ಹಾಲು ಹಾಕಿದೆ. ಚಹಾ ಕುದಿಯಿತು. ಬಸಿಗಳನ್ನು ಮುಂದಿಟ್ಟು, "ಹೂಂ, ಹಾಕು ನಿನ್ನ ಕೈಲೆ" ಅಂದೆ. ಅವನು ಅಲುಗಾಡಲಿಲ್ಲ. ಕಿಟ್ಲಿಯನ್ನೇ ನೋಡುತ್ತಿದ್ದ.

"ನಾ ಹಾಕ್ತೇನಿ, ಸರೀರಿ" ಅಂತ ರಹಿಮಾಬಿ ಗಡಿಬಿಡಿಯಿಂದ ಕೈ ಚಾಚಿದಳು. ಅವಳ ನಗು ಎಲ್ಲೋ ಹೋಗಿತ್ತು.

"ನೀ ಸುಮ್ಮ ಕುಂದ್ರು" ಅಂದ ಬಾಬಾಜಾನ. ಶಾಲಿನೊಳಗಿಂದ ಬಲಗೈ ತೆಗೆದ. ಹಿಡಿಕೆ ಹಿಡಿದು ಎತ್ತಿದ. ಕಿಟ್ಲಿಯ ಮೂತಿ ಬಸಿಯ ಅಂಚಿಗೆ ಟಣ್ ಟಣ್ ಟಣ್ ಅಂತ ಬಡಿಯಿತು, ಚಹಾ ಈಚೆಗಿಷ್ಟು ಆಚೆಗಿಷ್ಟು ಚೆಲ್ಲಿ ನೆಲದ ಮೇಲೆ ಹರಿಯಿತು. ಬಸಿಯೊಳಗೆ ಒಂದು ಹನಿಯೂ ಬೀಳಲಿಲ್ಲ. ಅವನು ಕಿಟ್ಲಿಯನ್ನು ಕೆಳಗಿಟ್ಟು ಆ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದ.

"ನೋಡಿದ್ಯಾ? ಊರೂರು ತಿರಗಿ ಹಗುರಂದ ತಂದಿ. ಅದೂ ಅರ್ಧಾ ತುಂಬೇತಿ. ಇದಕ್ಕಿಂತ ಹಗುರಂದ ಇನ್ನೆಲ್ಲಿ ತರ್ತಿ ಮಲ್ಯಾ?"

ಅಂಗಡಿ ಅಂಗಡಿಗಳಲ್ಲಿ ನಾನು ಎತ್ತಿ ನೋಡಿದ್ದೆಲ್ಲ ಖಾಲಿ ಕಿಟ್ಲಿಗಳನ್ನು. ಮಳೆಗಾಲದಿಂದ ಈಚೆಗೆ ಇವನು ನನ್ನೆದುರು ಒಮ್ಮೆಯೂ ಬಸಿ ಎತ್ತಿರಲಿಲ್ಲ ಅಂತ ಆಗ ಹೊಳೆಯಿತು.

"ಹೊರೂದ ದೊಡ್ಡದಲ್ಲ" ಅಂದ. "ಬೆನ್ನಿಗೆ ಹಾಕಿದ್ರ ಆ ಹಿತ್ತಾಳಿದನ್ನೂ ಹೊರತೇನಿ. ಎಡಗೈಲೆ ಕೊಡಬಾರದು, ಬಲಗೈಲೆ ನಿನಗ ಒಂದ ಬಸಿ ಚಹಾ ಹಾಕಿ ಕೊಡಾಕ ಬರವಲ್ದು ನನಗ. ಗುಡ್ಡದ ಮ್ಯಾಲ ನೀ ಮಾಡಿ, ನೀ ಹಾಕಿ ಕೊಟ್ಟು, ನಾ ಕೂಸಿನಂಗ ಕುಂತು ಕುಡೀಬೇಕೇನು?"

"ಮೊದಲ ಯಾಕ ಹೇಳಲಿಲ್ಲೋ?"

"ಹೇಳಿದ್ರ ಏನ ಮಾಡ್ತಿದ್ದಿ? ಕೈ ತರಿಸ್ತಿದ್ದೇನು ಮೊಬೈಲಿನ್ಯಾಗ?"

ಇಷ್ಟು ದಿನ ಅಂಗಡಿಯವರ ಮೇಲೆ ಬಂದದ್ದು ಸಿಟ್ಟೇ ಅಲ್ಲ, ಸಿಟ್ಟು ಅಂದರೆ ಇದು. ನನ್ನ ಜೊತೆ ಬಸ್ಸಿನ ಸೀಟಿನ ಮೇಲೆ ಮಲಗಿ ಗೊರಕೆ ಹೊಡೆದವನು ನನಗೇ ಕೈ ಮುಚ್ಚಿಟ್ಟುಕೊಂಡಿದ್ದ.

"ಬೆಂಕಿ ಹಚ್ಚು ನಿನ್ನ ಚಹಾಕ್ಕ!" ಅಂತ ಕೂಗಿದೆ. "ಚಹಾ ಕುಡ್ಯಾಕ ನಾ ಅಷ್ಟ ದೂರ ಹೋಗ್ತಿದ್ನೇನು? ನೀ ಇಲ್ಲದ ನಾ ಒಬ್ಬಾವ ಆ ಗುಡ್ಡದ ಮ್ಯಾಲ ಯಾರ ಕೂಡ ಜಗಳಾ ಮಾಡ್ಲೋ? ಗಿಡದ ಕೂಡ ಮಾಡ್ಲೇನು? ನೀ ಬರಬೇಕು ನನಗ, ನೀ!"

ಪಕ್ಕದ ಮನೆಯ ಗೋಡೆಯ ಮೇಲಿಂದ ಯಾರೋ ಇಣುಕಿದರು. ಬಾಬಾಜಾನನ ಮುಖ ಕೆಂಪಾಯಿತು. ಜಗಳಕ್ಕೆ ಬಿದ್ದವನ ಹಾಗೆ ಮತ್ತೆ ಕಿಟ್ಲಿಯ ಹಿಡಿಕೆಗೆ ಬಲಗೈ ಹಾಕಿ ಎತ್ತಿದ. ಅದು ಮತ್ತೆ ನಡುಗಿತು. ನಾನು ಅವನ ಮುಷ್ಟಿಯ ಮೇಲೆ ನನ್ನ ಕೈ ಇಟ್ಟೆ.

"ಕೈ ತಗೀ."

"ತಗ್ಯಂಗಿಲ್ಲ."

"ತಗೀಯಲೇ ಅಂದ್ರ!"

"ಸತ್ರೂ ತಗ್ಯಂಗಿಲ್ಲ, ಏನ ಮಾಡ್ಕೋತಿ ಮಾಡ್ಕೋ."

ಅವನ ಕೈ ಕಾಯಿಲೆಗೆ ನಡುಗುತ್ತಿತ್ತು, ನನ್ನದು ಸಿಟ್ಟಿಗೆ. ಇಬ್ಬರೂ ಕೂಡಿ ಬಗ್ಗಿಸಿದ ಚಹಾ ಒಂದಿಷ್ಟು ಬಸಿಗೆ ಬಿತ್ತು, ಉಳಿದದ್ದು ಸುಡು ಸುಡು ನನ್ನ ಕಾಲಿನ ಮೇಲೆ. ನಾನು ಅಯ್ಯಯ್ಯೋ ಅಂತ ಕುಣಿದಾಡಿದರೂ ಕೈ ಬಿಡಲಿಲ್ಲ. ಬಾಬಾಜಾನ ಅರ್ಧ ತುಂಬಿದ ಬಸಿಯನ್ನು ನೋಡಿದ, ನನ್ನ ಕಾಲು ನೋಡಿದ.

"ಹಿಡಿಯೂದಾದ್ರ ನೆಟ್ಟಗ ಹಿಡೀಲೇ, ಮಂಗ್ಯಾ" ಅಂದ. "ಘಟ್ಟದಾಗೂ ಹಿಂಗ ಚೆಲ್ಲಿದ್ರ ನಾವಿಬ್ಬರೂ ಏನ ಕುಡಿಯೂದು?"