ಮೀನಾಳ ಹದಿನೈದು ದಿನ

ದೀಪಾವಳಿ ಮುಗಿದ ಮೇಲೆ ಬೈಲಹೊಂಗಲದ ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿ ಜಿನ್ನಿಂಗ್ ಗಿರಣಿ ಗುಡುಗುಡು ಅನ್ನತೊಡಗಿದರೆ ಬಿಸಿಲು ಏರುವ ತಿಂಗಳವರೆಗೂ ನಿಲ್ಲುವುದಿಲ್ಲ. ಆ ಸದ್ದಿನ ಅಡಿಯಲ್ಲಿ, ಕಿವಿಗೊಟ್ಟವರಿಗೆ ಮಾತ್ರ ಕೇಳುವಂತೆ, ದಿಲಶಾದಬಿಯ ಹೊಲಿಗೆ ಯಂತ್ರ ಓಡುತ್ತಿತ್ತು. ಅದು ನಡುವೆ ನಿಂತಿತೆಂದರೆ ಅವಳು ಓದುತ್ತಿದ್ದಾಳೆಂದು ಓಣಿಗೆಲ್ಲ ತಿಳಿಯುತ್ತಿತ್ತು. ಕುಪ್ಪಸ ಒಯ್ಯಲು ಬಂದ ಹೆಂಗಸರು ಅವಳನ್ನು ಕೂಗದೆ ಕಟ್ಟೆಯ ಮೇಲೆ ಕೂತು, ಯಂತ್ರ ಮತ್ತೆ ಓಡುವವರೆಗೆ ತಮ್ಮ ತಮ್ಮ ಮಾತು ಆಡಿಕೊಳ್ಳುತ್ತಿದ್ದರು. ಕಾಯುವುದನ್ನು ಅವರು ಅವಳಿಂದಲೇ ಕಲಿತಿದ್ದರೇನೋ. ವರ್ಷಕ್ಕೆ ಆರು ಸಲ, ಒಂದೊಂದು ಸಲಕ್ಕೆ ಹದಿನೈದು ದಿನ, ಒಂದು ಪುಸ್ತಕವನ್ನು ಯಾರೂ ಮುಟ್ಟದಂತೆ ಗೋಡೆಯ ಗೂಡಿನಲ್ಲಿಟ್ಟು ದಿಲಶಾದಬಿ ಕಾಯುತ್ತಿದ್ದಳು, ಓದದ ಒಬ್ಬಳ ಓದು ಮುಗಿಯಲೆಂದು.

ಅವಳ ತುಟಿಗಳ ನಡುವೆ ಸದಾ ಎರಡು ಗುಂಡುಸೂಜಿ ಇರುತ್ತಿದ್ದವು. ಅದರಿಂದ ಅವಳ ಮಾತು ಬಾಯಿಯ ಎಡ ಅಂಚಿನಿಂದ, ಅಳತೆ ಹಿಡಿದು ಕತ್ತರಿಸಿದಂತೆ, ತುಂಡು ತುಂಡಾಗಿ ಹೊರಬರುತ್ತಿತ್ತು. ಯಾರು ಏನು ಹೇಳಿದರೂ ಅವಳ ಉತ್ತರ ಒಂದೇ: "ಹೂಂ, ಮುಂದ?" ಲಗ್ನದ ಸುದ್ದಿಗೂ ಅದೇ, ಸಾವು-ಮಣ್ಣಿನ ಸುದ್ದಿಗೂ ಅದೇ. ಬಸ್‌ಸ್ಟ್ಯಾಂಡಿಗೆ ಹೋಗುವಾಗ ಮಾತ್ರ ಸೂಜಿಗಳನ್ನು ತೆಗೆದಿಟ್ಟು, ಸೀರೆಯ ಮೇಲೆ ತಂದೆಯ ಹಳೆಯ ಖಾಕಿ ಕೋಟು ತೊಡುವಳು. ತಂದೆ ರಸೂಲಸಾಬರು ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿದವರು. ಅವರು ನಿವೃತ್ತರಾದ ವಾರವೇ ಅವಳು ಆ ಕೋಟಿನ ಜೇಬುಗಳನ್ನು ಬಿಚ್ಚಿ, ಒಂದೊಂದರಲ್ಲೂ ಮುನ್ನೂರು ಪುಟದ ಕಾದಂಬರಿ ಹಿಡಿಯುವಷ್ಟು ಅಗಲ ಮಾಡಿ ಮತ್ತೆ ಹೊಲಿದಿದ್ದಳು. ಅವಳ ನಡಿಗೆ ಬಸ್ಸು ಹಿಡಿಯಲು ಓಡುವವರದಾಗಿರಲಿಲ್ಲ. ಬಸ್ಸೇ ತನಗಾಗಿ ಎರಡು ನಿಮಿಷ ನಿಲ್ಲುತ್ತದೆಂದು ಬಲ್ಲ ನಡಿಗೆ ಅದು, ಮತ್ತು ರಸೂಲಸಾಬರ ಮಗಳಿಗಾಗಿ ಬಸ್ಸು ನಿಲ್ಲುತ್ತಲೂ ಇತ್ತು.

ತೊಂಬತ್ನಾಲ್ಕರಲ್ಲಿ ಬೈಲಹೊಂಗಲದ ಕಾಲೇಜಿನಿಂದ ಬಿ.ಎ. ಮುಗಿಸಿ ಹೊರಬಿದ್ದ ನಾಲ್ವರು ಗೆಳತಿಯರು ನಾಲ್ಕು ದಿಕ್ಕಾದರು. ನಾಜಿಯಾ ಕಿತ್ತೂರಿಗೆ ಹೋಗಿ ಗಂಡನ ಜೊತೆ ಬಳೆ ಅಂಗಡಿಯಲ್ಲಿ ಕೂತಳು. ರಾಚವ್ವ ಸವದತ್ತಿಯ ಹತ್ತಿರ ಹೂಲಿಯಲ್ಲಿ ಅಂಗನವಾಡಿ ನಡೆಸಿದಳು. ದೊಡವಾಡದ ಮೀನಾ ರಾಮದುರ್ಗದ ನೇಕಾರರ ಮನೆಗೆ ಸೊಸೆಯಾಗಿ ಹೋದಳು. ದಿಲಶಾದಬಿ ಇದ್ದಲ್ಲೇ ಉಳಿದಳು. ಉಳಿದವಳು ಸುಮ್ಮನಿರಲಾರದೆ, ಕುಪ್ಪಸದ ಅಸ್ತರಿನ ತುಂಡುಗಳನ್ನು ಜೋಡಿಸಿ ಒಂದು ಚೀಲ ಹೊಲಿದು, ಅದರಲ್ಲಿ ಒಂದು ಪುಸ್ತಕ, ಒಂದು ನೂರು ಪುಟದ ವಹಿ ಇಟ್ಟು, ತಂದೆಯ ಗೆಳೆಯರಾದ ಡ್ರೈವರುಗಳ ಕೈಗೆ ಕೊಟ್ಟು ಕಳಿಸತೊಡಗಿದಳು. ಮೊದಲು ತಾನು ಓದಿ ವಹಿಯಲ್ಲಿ ತೋಚಿದ್ದು ಬರೆಯುವುದು, ಆಮೇಲೆ ಕಿತ್ತೂರಿಗೆ, ಆಮೇಲೆ ಹೂಲಿಗೆ, ಕೊನೆಗೆ ರಾಮದುರ್ಗಕ್ಕೆ. ಒಬ್ಬೊಬ್ಬರಿಗೆ ಹದಿನೈದು ದಿನ. ಅದಕ್ಕೊಂದು ಹೆಸರೂ ಇರಲಿಲ್ಲ. ಚೀಲ ಬಂತು, ಚೀಲ ಹೋಯಿತು, ಅಷ್ಟೇ.

ನಾಜಿಯಾ ವಹಿಯಲ್ಲಿ ಬರೆಯುತ್ತಿದ್ದುದು ಹೆಚ್ಚಾಗಿ ತಪ್ಪೊಪ್ಪಿಗೆ. "ಮೂರನೇ ಅಧ್ಯಾಯದ ಮ್ಯಾಲ ಒಗ್ಗರಣಿ ಎಣ್ಣಿ ಬಿದ್ದೈತಿ. ಸಿಟ್ಟಾಗಬ್ಯಾಡ್ರಿ, ಅಲ್ಲಿ ಹೆಚ್ಚಿಗೇನೂ ನಡದಿಲ್ಲ." ರಾಚವ್ವ ಕೊನೆಯ ಪುಟ ಮೊದಲು ಓದುವವಳು, ಮುಂದಿನವರಿಗೆ ಅದನ್ನು ಹೇಳದಿರಲು ಪಡುವ ಕಷ್ಟವೆಲ್ಲ ಅವಳ ಅಕ್ಷರದಲ್ಲಿ ಕಾಣುತ್ತಿತ್ತು. ಮೀನಾ ಮಾತ್ರ ಪುಟಗಟ್ಟಲೆ ಬರೆಯುತ್ತಿದ್ದಳು. ಕಥೆಯೊಳಗಿನ ಜನ ಪಕ್ಕದ ಮನೆಯವರೋ ಎಂಬಂತೆ, ಯಾರಿಗೆ ಯಾವಾಗ ಹಸಿವಾಗಿತ್ತು, ಯಾರು ಯಾರ ಕಣ್ಣು ತಪ್ಪಿಸಿದರು ಎಂದೆಲ್ಲ ಹುಡುಕಿ ತೆಗೆದು ಬರೆಯುವಳು. ರಾಮದುರ್ಗದಿಂದ ಚೀಲ ಮರಳಿದ ದಿನ ದಿಲಶಾದಬಿ ಮೊದಲು ವಹಿ ತೆರೆದು, ಮೀನಾಳ ಪುಟಗಳನ್ನು ಓದಿ, ಆಮೇಲೆ ಅದೇ ಪುಸ್ತಕವನ್ನು ಎರಡನೆಯ ಸಲ ಓದುತ್ತಿದ್ದಳು. ಆ ಎರಡನೆಯ ಓದಿಗಾಗಿಯೇ ಚೀಲ ಹೊಲಿದಿದ್ದಳೆಂದರೂ ತಪ್ಪಾಗದು.

ವಹಿಗೆ ಅವಳೇ ಮಾಡಿದ ಒಂದು ಕಟ್ಟಳೆಯಿತ್ತು. ಬರೆದದ್ದನ್ನು ಹೊಡೆದು ಹಾಕುವಂತಿಲ್ಲ. "ಬರದದ್ದು ಬರದಂಗ ಇರಲಿ. ನಾಳೆ ಮನಸ ಬದಲಾತಂದ್ರ ಕೆಳಗ ಇನ್ನೊಂದು ಸಾಲು ಬರೀರಿ."

ತೊಂಬತ್ತೊಂಬತ್ತರ ಮಳೆಗಾಲದಲ್ಲಿ ಚೀಲದಲ್ಲಿ ಹೋದ ಕಾದಂಬರಿಯಲ್ಲಿ ಒಬ್ಬ ಹೆಂಗಸು ಓದಲೆಂದು ಪಟ್ಟಣಕ್ಕೆ ಹೊರಟು, ಟ್ರಂಕು ಹಿಡಿದು ಹೊಳೆಯ ದಂಡೆಗೆ ಬಂದು, ದೋಣಿ ಹತ್ತದೆ ಮನೆಗೆ ತಿರುಗಿ ಹೋಗುತ್ತಾಳೆ. ದಿಲಶಾದಬಿ ವಹಿಯಲ್ಲಿ ಎರಡೇ ಸಾಲು ಬರೆದಳು: 'ದೋಣಿ ನಿಂತಿತ್ತು. ಹತ್ತದವಳ ಮೇಲೆ ನನಗೆ ಕನಿಕರವಿಲ್ಲ.' ಕಿತ್ತೂರಿನಲ್ಲಿ ನಾಜಿಯಾ ಅದರ ಕೆಳಗೆ 'ಖರೇನ' ಎಂದಳು. ಹೂಲಿಯಲ್ಲಿ ರಾಚವ್ವ 'ನನಗೂ ಹಾಂಗ ಅನಸ್ತು' ಎಂದಳು. ಮೂವರ ಅಕ್ಷರ ಹೊತ್ತುಕೊಂಡು ಚೀಲ ರಾಮದುರ್ಗಕ್ಕೆ ಹೋಯಿತು. ಮರಳಿ ಬಂದಾಗ ಮೀನಾಳ ಪುಟದಲ್ಲಿ ತಾರೀಖೊಂದಿತ್ತು; ಅದರ ಕೆಳಗೆ ಏನೂ ಇರಲಿಲ್ಲ.

ಯಂತ್ರದ ಮುಂದೆ ಕೂತ ದಿಲಶಾದಬಿಗೆ ಆ ಎರಡು ಸಾಲು ಯಾರಿಗೆ ತಾಗಿತೆಂದು ಆಗ ತಿಳಿಯಿತು. ಬಿ.ಎ. ಮುಗಿದ ವರ್ಷ ಅವಳಿಗೂ ಮೀನಾಳಿಗೂ ಧಾರವಾಡದಲ್ಲಿ ಎಂ.ಎ.ಗೆ ಸೀಟು ಸಿಕ್ಕಿತ್ತು. ಇಬ್ಬರೂ ಒಂದೇ ಕೋಣೆ ಹಿಡಿಯುವುದೆಂದು ಮಾತಾಗಿತ್ತು. ಇನ್ನೇನು ಹೊರಡಬೇಕೆನ್ನುವಾಗ ಮೀನಾ ರಾಮದುರ್ಗದ ಸಂಬಂಧಕ್ಕೆ ಒಪ್ಪಿಕೊಂಡಳು. ಯಾಕೆಂದು ಹೇಳಲಿಲ್ಲ. ಆ ಸಂಜೆ ರಸೂಲಸಾಬರು ಮಗಳನ್ನು ಕರೆದು, "ಜೋಡಿ ಇತ್ತಂದ್ರ ಕಳಸ್ತಿದ್ದೆ ಬೇಟಿ. ಒಬ್ಬಾಕಿನ್ನ ಹ್ಯಾಂಗ ಕಳಸ್ಲಿ?" ಎಂದಿದ್ದರು. ಈ ಮಾತು ಆ ಮನೆಯ ಹೊಸ್ತಿಲು ದಾಟಲಿಲ್ಲ, ಮೀನಾಳ ಕಿವಿಗಂತೂ ಬೀಳಲೇ ಇಲ್ಲ. ಐದು ವರ್ಷ ಒಳಗೇ ಇದ್ದದ್ದು ಹೊಳೆಯ ದಂಡೆಯ ಹೆಂಗಸಿನ ನೆಪದಲ್ಲಿ ಹೊರಗೆ ಬಿದ್ದಿತ್ತು.

ಮುಂದಿನ ಪುಸ್ತಕ ರಾಮದುರ್ಗಕ್ಕೆ ಹೋದ ದಿನವೇ, ಸಂಜೆಯ ಬಸ್ಸಿಗೆ, ದಿಲಶಾದಬಿ ಚೀಲಕ್ಕೆ ಕಟ್ಟಿದ ಗಂಟು ಕಟ್ಟಿದಂತೆಯೇ ಮರಳಿ ಬಂತು. ಅದರ ಮುಂದಿನದೂ ಹಾಗೆಯೇ. ದಿಲಶಾದಬಿ ಎರಡು ಕಾಗದ ಬರೆದಳು, ಎರಡನ್ನೂ ಹರಿದಳು. ವಹಿಯ ಆ ಪುಟ ತೆರೆದು ಪೆನ್ನು ಹಿಡಿದು ಕೂತಳು. ಕೆಳಗೆ ಇನ್ನೊಂದು ಸಾಲು ಬರೆಯಬೇಕೆಂದರೆ ಅಬ್ಬಾನ ಮಾತನ್ನೂ ಬರೆಯಬೇಕು. ಅದನ್ನು ಓದಿದ ಮೀನಾ ಜೀವಮಾನವೆಲ್ಲ ಆ ಭಾರ ಹೊರಬೇಕು. ಪೆನ್ನಿನ ಬಾಯಿ ಮುಚ್ಚಿದಳು. ಆದರೆ ಮೀನಾಳ ಸರದಿಯನ್ನು ತೆಗೆಯಲಿಲ್ಲ. ಚೀಲ ಅದೇ ಸಂಜೆ ಮರಳಿದರೂ ಪುಸ್ತಕವನ್ನು ಗೂಡಿನಲ್ಲಿಟ್ಟು ಹದಿನೈದು ದಿನ ತುಂಬುವವರೆಗೆ ಹೊಸದನ್ನು ಹೊರಡಿಸುತ್ತಿರಲಿಲ್ಲ.

"ಆಕಿ ಓದೂದಿಲ್ಲ ಮಾರಾಯ್ತಿ, ಆ ಹದಿನೈದು ದಿನ ನನಗರ ಕೊಡ," ಎಂದು ನಾಜಿಯಾ ಒಮ್ಮೆ ಕಿತ್ತೂರಿನಿಂದ ಬಂದವಳು ಜಗಳಕ್ಕೇ ನಿಂತಳು. "ನನಗ ಒಂದು ಪುಸ್ತಕಕ್ಕ ತಿಂಗಳು ಬೇಕು. ಬಳಿ ಇಡಸೂ ಮುಂದ ಓದಾಕಾಗತೈತೇನು?"

"ಆಕಿದು ಆಕಿದ," ಎಂದಳು ದಿಲಶಾದಬಿ, ಸೂಜಿಗಳ ನಡುವಿನಿಂದ.

ಆಮೇಲೆ ರಾಚವ್ವನ ಮನೆಗೆ ಮೊಬೈಲು ಬಂತು. ಪುಸ್ತಕದ ಕೊನೆಯ ಬಗ್ಗೆ ಮಾತಾಡುವ ಆಸೆಗೆ ಹೂಲಿಯಿಂದ ಫೋನು ಮಾಡುವಳು. "ಮೀನಾನ ದಿನಾ ಮುಗದಿಲ್ಲ," ಎಂದು ದಿಲಶಾದಬಿ ಇಟ್ಟುಬಿಡುವಳು. ಆ ಹದಿನೈದು ದಿನ ಅವಳೇನು ಮಾಡುತ್ತಿದ್ದಳೆಂದು ನಾಜಿಯಾಳಿಗೂ ರಾಚವ್ವನಿಗೂ ತಿಳಿಯದು. ಕಾಜಾ ಹೊಲಿಯುತ್ತ, ಗುಂಡಿ ಹಚ್ಚುತ್ತ, ಮನಸ್ಸಿನಲ್ಲಿ ಮೀನಾಳ ಜೊತೆ ಪುಟ ತಿರುಗಿಸುತ್ತಿದ್ದಳು. ನಾಲ್ಕನೆಯ ದಿನ, ಈಗ ಮದುವೆಯ ಅಧ್ಯಾಯಕ್ಕೆ ಬಂದಿರಬೇಕು, ಇಲ್ಲಿ ನಗುತ್ತಾಳೆ. ಒಂಬತ್ತನೆಯ ದಿನ, ಮಗ್ಗದ ಕೆಲಸ ಹೆಚ್ಚಾಗಿ ಓದು ಹಿಂದೆ ಬಿದ್ದಿರಬೇಕು. ಹದಿನಾಲ್ಕನೆಯ ದಿನ, ಕೊನೆಯ ಇಪ್ಪತ್ತು ಪುಟ ಉಳಿಸಿಕೊಂಡು, ಮುಗಿದೀತೆಂಬ ಸಂಕಟಕ್ಕೆ ಪುಸ್ತಕ ಮುಚ್ಚಿರಬೇಕು. ಹೀಗೆ ಏಳು ವರ್ಷ ನಡೆಯಿತು, ನಲವತ್ತು ಪುಸ್ತಕ.

ಎರಡು ಸಾವಿರದ ಆರರ ಒಂದು ಶನಿವಾರ ರಾಮದುರ್ಗದ ಬಸ್ಸಿನ ಡ್ರೈವರ್ ಮಹಾದೇವ ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಚೀಲ ಮರಳಿಸುತ್ತ, "ತಂಗಿ, ಬರೂ ಸೋಮವಾರ ನಂದು ಈ ಲೈನಿಗೆ ಕಡೀ ಡ್ಯೂಟಿ. ಹೊಸಾಂವ ಬರ್ತಾನ. ಅಂವ ಚೀಲಾಗೀಲಾ ಒಯ್ಯೂ ಪೈಕಿ ಅಲ್ಲ," ಎಂದ.

"ಹೂಂ, ಮುಂದ?"

"ಮುಂದ ಒಂದು ಮಾತೈತಿ. ರಾಮದುರ್ಗದ ಆ ಯವ್ವ ಹೇಳಬ್ಯಾಡ ಅಂದಿದ್ಲು, ನೀನೂ ಕೇಳಲಿಲ್ಲ. ನಾ ಹೋಗಾಂವ, ಇನ್ಯಾಕ ಮುಚ್ಚಿಡ್ಲಿ. ಚೀಲ ಇಸ್ಕೊಳ್ಳಾಕ ಪ್ರತೀ ಸಲ ಆಕೀನ ಬರ್ತಾಳ. ನಾ ಚಾ ಕುಡದು ಬಸ್ಸ ತಿರುಗಿಸೂತನಕ ಅರ್ಧಾ ತಾಸು ಬೇವಿನ ಗಿಡದ ಬುಡಕ ತೊಡಿ ಮ್ಯಾಲ ಇಟ್ಕೊಂಡು ಕುಂತಿರ್ತಾಳ. ಬಿಚ್ಚೂದಿಲ್ಲ. ಮತ್ತ ನನ್ನ ಕೈಯಾಗ ಕೊಟ್ಟು ಹೋಗ್ತಾಳ."

ದಿಲಶಾದಬಿ ಚೀಲವನ್ನು ಕೋಟಿನ ಜೇಬಿಗೆ ಇಳಿಸಿದಳು. ಆಮೇಲೆ, "ಸೋಮವಾರ ನನಗೊಂದು ಸೀಟ ಹಿಡಿ, ಮಾದೇವಣ್ಣಾ. ಅವತ್ತ ಚೀಲ ಮತ್ತ ಬರತೈತಿ ಅಂತ ನಾಳೆ ಆಕಿಗೆ ಹೇಳಿಕಳಸು," ಎಂದಳು.

ಸೋಮವಾರ ರಾಮದುರ್ಗದ ಸ್ಟ್ಯಾಂಡಿನಲ್ಲಿ ಮೀನಾ ಬೇವಿನ ನೆರಳಿನಲ್ಲಿ ನಿಂತಿದ್ದಳು. ನೂಲಿನ ಬಣ್ಣ ಹತ್ತಿದ ಬೆರಳು, ಮುಂದಲೆಯಲ್ಲಿ ನಾಲ್ಕು ಬಿಳಿ ಕೂದಲು. ಬಸ್ಸಿನಿಂದಿಳಿದ ಖಾಕಿ ಕೋಟನ್ನು ನೋಡಿಯೂ ಅವಳು ಜಾಗ ಬಿಟ್ಟು ಕದಲಲಿಲ್ಲ.

"ಚೀಲ ಎಲ್ಲೈತಿ?" ಎಂದಳು, ನಿನ್ನೆ ತಾನೆ ಕಂಡವಳಂತೆ.

"ತಂದಿಲ್ಲ. ನಾನ ಬಂದೇನಿ."

"ದಪ್ಪ ಆಗೀದಿ."

"ನೀ ತೆಳ್ಳಗಾಗೀದಿ. ಇಬ್ಬರ ಅಳತಿನೂ ಹೊಸದಾಗಿ ತಗೋಬೇಕು."

ಮೀನಾಳ ತುಟಿ ಸ್ವಲ್ಪ ಸಡಿಲಾಯಿತು, ಮತ್ತೆ ಬಿಗಿಯಿತು. ಇಬ್ಬರೂ ಕಟ್ಟೆಯ ಮೇಲೆ ಕೂತರು. ಮಹಾದೇವ ಚಹಾದ ಅಂಗಡಿಯ ಕಡೆ ಹೋದ.

"ದೋಣಿ ನಿಂತಿತ್ತು ಅಂತ ಬರದಿದ್ದಿ," ಎಂದಳು ಮೀನಾ.

"ಬರದಿದ್ನಿ."

"ನಿಂತಿತ್ತು, ಖರೆ. ಆದ್ರ ಅದರ ಹಿಂದಿನ ಪುಟದಾಗ ಆ ಹೆಣ್ಮಗಳು ಮನಿ ಬಿಡೂ ಮುಂದ ಅವ್ವನ ಕೈ ಹಿಡೀತಾಳ. ಕೈ ಸುಡತಿರತೈತಿ. ಒಂದ ಸಾಲು. ನೀ ಅದನ್ನ ಓದೇ ಇಲ್ಲ."

ದಿಲಶಾದಬಿ ಆ ಪುಸ್ತಕವನ್ನು ಎರಡು ಸಲ ಓದಿದ್ದಳು. ಆ ಸಾಲು ಅವಳಿಗೆ ನೆನಪಿರಲಿಲ್ಲ. ನೆನಪಾದದ್ದು ಬೇರೆ. ಮೀನಾಳ ಲಗ್ನವಾಗಿ ಎಂಟು ತಿಂಗಳಿಗೆ ದೊಡವಾಡದಲ್ಲಿ ಅವಳ ತಾಯಿ ಸೀತವ್ವ ತೀರಿಕೊಂಡಿದ್ದಳು. ಮಾತಾಡಿಸಿ ಬರಲು ಹೋದಾಗ ಯಾರೋ, ಎರಡು ವರ್ಷದ ಬೇನೆ, ಮಗಳ ಲಗ್ನ ನೋಡಬೇಕಂತ ಜೀವ ಹಿಡಿದಿದ್ದಳು ಎಂದಿದ್ದರು. ಇವಳು ಕೇಳಿ, ಹೂಂ ಎಂದು, ಬಂದುಬಿಟ್ಟಿದ್ದಳು.

"ಆ ಹೆಣ್ಮಗಳು ಯಾರಿಗರ ಹೇಳಬೇಕಿತ್ತು," ಎಂದಳು.

"ಹೇಳಿದ್ರ ಕನಿಕರ ಮಾಡ್ತಿದ್ರು. ಆಕಿಗದು ಬ್ಯಾಡಾಗಿತ್ತು."

"ಮತ್ತ ಅರ್ಧಾ ತಾಸು ಚೀಲ ಹಿಡಕೊಂಡು ಯಾಕ ಕೂಡ್ತಿದ್ದಿ? ಬಿಚ್ಚಿ ನೋಡಬೇಕಿತ್ತು."

"ಬಿಚ್ಚಿದ್ರ ವಹಿ ಸಿಗ್ತಿತ್ತು." ಮೀನಾ ಸೆರಗಿನ ತುದಿಯ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತಿದ್ದಳು. "ನೀ ಕೆಳಗ ಇನ್ನೊಂದು ಸಾಲು ಬರದಿಲ್ಲ ಅಂತ ಗೊತ್ತಾಗಿಬಿಡ್ತಿತ್ತು. ಬಿಚ್ಚಲಿಲ್ಲಂದ್ರ, ಈ ಸಲ ಬರದಿರಬೇಕು ಅನಕೊಂಡು ಮನಿಗೆ ಹೋಗಾಕ ಬರ್ತಿತ್ತು."

ತಮ್ಮ ಬದುಕಿನ ಒಂದು ಮಾತನ್ನೂ ನೇರವಾಗಿ ಆಡಲಾರದ, ಆದರೆ ಕಾಗದದ ಮೇಲಿನ ಜನರಿಗಾಗಿ ವರ್ಷಗಟ್ಟಲೆ ಮುನಿಸಿಕೊಳ್ಳಬಲ್ಲ ಕೆಲವರು ಎಲ್ಲ ಸಣ್ಣ ಊರುಗಳಲ್ಲೂ ಇರುತ್ತಾರೆ. ಒಳ್ಳೆಯ ಓದುಗರೆಂದು ಜನ ಅವರನ್ನು ಕರೆಯುತ್ತಾರೆ. ಒಂದು ಅಲ್ಪವಿರಾಮವನ್ನೂ ಬಿಡದೆ ಓದುವ ಅವರು ಎದುರಿಗೆ ಕೂತ ಮುಖವನ್ನು ಅವಸರದಲ್ಲಿ ಓದಿ, ನಡುವಿನ ಸಾಲು ಬಿಟ್ಟು, ತೀರ್ಪು ಬರೆದುಬಿಡುತ್ತಾರೆ; ಆಮೇಲೆ ಆ ಬಿಟ್ಟ ಸಾಲಿಗಾಗಿ ಉಳಿದ ಆಯುಷ್ಯವನ್ನು ಕಾಯಲು ಕೊಡುತ್ತಾರೆ. ಅವರ ಪ್ರೀತಿ ದೊಡ್ಡದು, ಅದರ ಬಾಯಿ ಮಾತ್ರ ಬಹಳ ಸಣ್ಣದು.

ಮಹಾದೇವ ಹಾರ್ನ್ ಬಾರಿಸಿದ. ದಿಲಶಾದಬಿ ಎದ್ದಳು.

"ಆ ದೋಣಿಯಾಗ ಇನ್ನೊಬ್ಬಾಕಿ ಹತ್ತಿ ಕುಂತಿದ್ಲು, ಮೀನಾ."

"ಅಂಥಾಕಿ ಆ ಪುಸ್ತಕದಾಗ ಇಲ್ಲ."

"ಇದ್ಲು. ನಿನಗೂ ಒಂದು ಸಾಲು ಕಂಡಿಲ್ಲ." ಅವಳು ಆಗಲೇ ನಾಲ್ಕು ಹೆಜ್ಜೆ ಹೋಗಿದ್ದಳು, ತಿರುಗಿ ನೋಡದೆ ಮಾತಾಡುತ್ತಿದ್ದಳು, ಮೀನಾ ಸೆರಗು ಸಾವರಿಸಿಕೊಂಡು ಹಿಂದೆಯೇ ಎದ್ದಳು. "ದಂಡಿ ಕಡೆ ನೋಡಕೋತ ಕುಂತಿದ್ಲು. ಜೋಡಿ ಇಲ್ಲಂದ್ರ ಒಬ್ಬಾಕಿನ್ನ ಕಳಸೂದಿಲ್ಲ ಅಂತ ಆಕಿ ಅಬ್ಬಾ ಅಂದಿದ್ದಕ್ಕ ಆಕಿ ಸೈತ ಇಳದು ಮನಿಗೆ ತಿರುಗಿ ಹೋದ್ಲು." ಮೀನಾ ಓಡಿಬಂದು ಖಾಕಿ ಕೋಟಿನ ತೋಳು ಹಿಡಿದು, "ಅದನ್ನ ವಹಿಯಾಗ ಕೆಳಗ ಬರಿ, ಓದ್ತೀನಿ," ಎಂದಳು.