ಗಂಟಲು ನೋಯದ ಮಂಗಳವಾರ

ಇಲ್ದನೀಸಳ ಮೈಮೇಲೆ ದಾಂತೋರ್ ತಾಯಿ ಬರತೊಡಗಿ ಹದಿನಾಲ್ಕು ವರ್ಷಗಳಾಗಿದ್ದವು. ಜಾಕ್ಮೆಲ್ ಪೇಟೆಯಿಂದ ಗುಡ್ಡ ಹತ್ತಿ ಬಂದವರೆಲ್ಲ ತಾಯಿಯನ್ನು ಕಂಡು, ಅವಳು ತೋರಿಸಿದ ಎಲೆ ಕಿತ್ತುಕೊಂಡು ಹೋಗಿದ್ದರು. ಕಾಣದವಳು ಇಲ್ದನೀಸ ಒಬ್ಬಳೇ. ತಾಯಿ ಬರುವಾಗ ಇವಳು ತನ್ನ ಮೈ ಬಿಟ್ಟುಕೊಟ್ಟು ಎಲ್ಲಿಗೋ ಹೋಗಬೇಕು. ಎಲ್ಲಿಗೆ ಎನ್ನುವುದೂ ನೆನಪಿರುವುದಿಲ್ಲ.

ತಾಯಿಗೆ ನಾಲಿಗೆಯಿಲ್ಲ. ಹಿಂದೊಂದು ಕಾಲದ ಯುದ್ಧದಲ್ಲಿ ಕತ್ತರಿಸಿ ಹಾಕಿದ್ದರಂತೆ. ಬಂದಾಗ 'ಕೆ ಕೆ ಕೆ' ಎಂದಷ್ಟೇ ಅನ್ನುತ್ತಾಳೆ. ಅದನ್ನು ಬಿಡಿಸಿ ಹೇಳುವವಳು ಇಲ್ದನೀಸಳ ಅಕ್ಕ ಮೆರಿಸ್ಯ.

ಈ ಮಂಗಳವಾರ ಕೇಳಬೇಕಾಗಿದ್ದುದು ಇಲ್ದನೀಸಳ ಮಗಳ ವಿಷಯ. ಎಂಟು ವರ್ಷದ ರೋಸ್ಮಿತಾಳ ಕಾಲು ಬಾತುಕೊಂಡಿತ್ತು. ಬೆರಳಿಂದ ಒತ್ತಿದರೆ ಗುಳಿ ಹಾಗೆಯೇ ಉಳಿಯುತ್ತಿತ್ತು. ಹೃದಯದ್ದು, ಇಲ್ಲಿ ಆಪರೇಷನ್ ಮಾಡುವವರಿಲ್ಲ ಎಂದು ಆಸ್ಪತ್ರೆಯವರು ಕಳಿಸಿಬಿಟ್ಟಿದ್ದರು.

"ಮೊದ್ಲು ಮಗು ವಿಷಯ ಕೇಳಕ್ಕ. ಬೇರೆಯವರದ್ದೆಲ್ಲ ಆಮೇಲೆ."

"ಇಷ್ಟು ವರ್ಷದಿಂದ ಕೇಳ್ತಿರೋಳು ನಾನು, ನಂಗೇ ಹೇಳ್ಕೊಡ್ತೀಯಾ? ತಲೆವಸ್ತ್ರ ಬಿಗಿಯಾಗಿ ಕಟ್ಕೋ."

ಗೋಡೆಗೆ ಮೆರಿಸ್ಯ ಪೂಜೆಗೆಂದು ಹೊಲಿದ ಹೊಸ ಬಾವುಟ ತೂಗುಹಾಕಿದ್ದರು. ನೀಲಿ ಬಟ್ಟೆಯ ಮೇಲೆ ಮಿಣುಕು ಬಿಲ್ಲೆಗಳಲ್ಲಿ ತಾಯಿ, ಅವಳ ಕೆನ್ನೆಯ ಮೇಲೆ ಎರಡು ಗಾಯದ ಗೆರೆ, ತೋಳಲ್ಲಿ ಮಗು. ಮಗುವಿನ ಅಂಗಿಗೆ ರೋಸ್ಮಿತಾಳ ಹಳೆಯ ಫ್ರಾಕಿನ ತುಂಡು ಹಚ್ಚಿದ್ದಳು.

ಮಧ್ಯಾಹ್ನ ಸೆಂಟಿಲಸ್ ಮಾವ ಡೋಲು ಶುರುಮಾಡಿದ. ನೆಲದ ಮೇಲೆ ಜೋಳದ ಹಿಟ್ಟಿನಲ್ಲಿ ಬರೆದ ಹೃದಯದ ಸುತ್ತ ಇಲ್ದನೀಸ ಕುಣಿಯತೊಡಗಿದಳು. ಕಾಲಡಿ ಹಿಟ್ಟು ಅಳಿಸಿಹೋಗುತ್ತಿದ್ದುದು ನೆನಪಿದೆ. ಆಮೇಲೆ ಇಲ್ಲ.

ಕಣ್ಣು ಬಿಟ್ಟಾಗ ಚಾಪೆಯ ಮೇಲಿದ್ದಳು. ಬಾಗಿಲಲ್ಲಿ ಇಳಿಬಿಸಿಲು. ಎಂದಿನಂತೆ ಅಕ್ಕ ಶುಂಠಿ ಕಷಾಯ ಹಿಡಿದು ಕೂತಿದ್ದಳು.

"ಏನಂದ್ಲು?"

"ಎಲೆ ಹೇಳಿದ್ಲು. ಕಾಮಕಸ್ತೂರಿ, ಸೀಬೆ ಎಲೆ, ಕಾಲಿಗೆ ಹರಳೆಲೆ. ಏಳು ದಿನ ಸ್ನಾನ ಮಾಡಿಸಬೇಕಂತೆ."

"ಆಮೇಲೆ?"

"ಆಮೇಲೆ ಏನು? ವಾಸಿಯಾಗುತ್ತೆ. ಮೊದ್ಲು ಇದನ್ನ ಕುಡಿ."

ಇಲ್ದನೀಸ ಲೋಟ ತೆಗೆದುಕೊಂಡಳು. ಹೊರಗೆ ಡೋಲಿನ ಹಗ್ಗ ಸಡಿಲಿಸುತ್ತಿದ್ದ ಸೆಂಟಿಲಸ್ ಮಾವ ಇಣುಕಿದ.

"ಎದ್ಯೇನಮ್ಮ? ಪ್ರತಿ ಸಲ ತಾಯಿ ಒಂದು ತಟ್ಟೆ ಹಂದಿಮಾಂಸ ಖಾಲಿ ಮಾಡೋಳು, ಇವತ್ತು ಮುಟ್ಲೇ ಇಲ್ಲ ನೋಡು. ಎಲ್ಲಾ ನನ್ನ ಪಾಲಿಗೇ ಬಂತು."

"ಮಾವ, ನೀನು ಮನೆಗೆ ಹೋಗು," ಎಂದಳು ಮೆರಿಸ್ಯ.

ಆತ ಏನೋ ಹೇಳಹೊರಟವನು ಅವಳ ಮುಖ ನೋಡಿ ಡೋಲು ಹೆಗಲಿಗೇರಿಸಿದ.

ಒಂದು ಗುಟುಕು ಕುಡಿದ ಮೇಲೆ ಇಲ್ದನೀಸಳಿಗೆ ಹೊಳೆಯಿತು. ತಾಯಿ ಬಂದು ಹೋದ ದಿನವೆಲ್ಲ ಆ 'ಕೆ ಕೆ ಕೆ'ಯಿಂದ ಗಂಟಲು ತರಚಿ, ಬಿಸಿ ಇಳಿಯುವಾಗ ಜೀವ ಹೋದಂತಾಗುತ್ತಿತ್ತು. ಇವತ್ತು ನೋವೇ ಇಲ್ಲ. ಕಷಾಯ ಸಲೀಸಾಗಿ ಇಳಿಯಿತು. ಬದಲಿಗೆ ಕಣ್ಣು ಉರಿಯುತ್ತಿತ್ತು. ಅಂಗಿಯ ಎದೆಭಾಗ ಒದ್ದೆಯಾಗಿತ್ತು. ತುಟಿ ನೆಕ್ಕಿದಳು, ಉಪ್ಪುಪ್ಪು.

ತಾಯಿ ಬಾಯಿ ತೆರೆದಿರಲಿಲ್ಲ, ಯಾವ ಎಲೆಯನ್ನೂ ಹೇಳಿರಲಿಲ್ಲ. ಬಂದವಳು ಅತ್ತು ಹೋಗಿದ್ದಳು.

ಅವಳು ಅಕ್ಕನ ಕಡೆ ನೋಡಿದಳು. ಮೆರಿಸ್ಯ ಆಗಲೇ ಬೆನ್ನು ತಿರುಗಿಸಿ ಬೋಗುಣಿಗೆ ಎಲೆ ಹರಿದುಹಾಕುತ್ತಿದ್ದಳು, ಬೇಕಾದ್ದಕ್ಕಿಂತ ಸಣ್ಣಸಣ್ಣದಾಗಿ. ಕೇಳಬಹುದಿತ್ತು. ಕೇಳಿದರೆ ಅಕ್ಕ ಕೊನೆಗೂ ನಿಜ ಹೇಳಿಬಿಡುತ್ತಿದ್ದಳು. ಇಲ್ದನೀಸ ಹೋಗಿ ಪಕ್ಕದಲ್ಲಿ ಕೂತಳು.

"ಹರಳೆಲೆ ಎಷ್ಟಕ್ಕ?"

"ಮೂರು," ಎಂದಳು ಮೆರಿಸ್ಯ, ತಲೆ ಎತ್ತದೆ.

ಬಾಗಿಲ ಬಳಿಯ ಚಾಪೆಯಲ್ಲಿ ದಿಂಬಿಗೆ ಒರಗಿದ್ದ ರೋಸ್ಮಿತಾ ಏದುಸಿರಿನ ನಡುವೆ ಕರೆದಳು.

"ಅಮ್ಮಾ, ಆ ಅಮ್ಮ ಮತ್ತೆ ಯಾವಾಗ ಬರ್ತಾಳೆ? ನನ್ನನ್ನ ತೊಡೆ ಮೇಲೆ ಕೂರಿಸ್ಕೊಂಡಿದ್ಲು. ಬಿಡ್ತಾನೇ ಇರ್ಲಿಲ್ಲ."

"ಬಾ, ನಾನು ಕೂರಿಸ್ಕೋತೀನಿ."

"ಬೇಡ. ಅವಳೇ ಬೇಕು."

ಇಲ್ದನೀಸ ಮೂರನೆಯ ಎಲೆಯನ್ನು ನೀರಿಗೆ ಹಾಕಿ ಹಿಸುಕತೊಡಗಿದಳು.