ನಾಲ್ಕನೆಯ ಫೌಲು

ಆಲೆಮನೆಯ ಹೊಗೆ ಬರುತ್ತಿದೆ, ಹನಕೆರೆ ಕಡೆ ಯಾರೋ ನಸುಕಿಗೇ ಕೊಪ್ಪರಿಗೆ ಏರಿಸಿರಬೇಕು, ದಿನವೂ ಬಾಯಲ್ಲಿ ನೀರೂರಿಸುವ ಆ ವಾಸನೆಗೆ ಇವತ್ತು ಗುಮಾಸ್ತ ಪುಟ್ಟಮಾದಯ್ಯ ಮೋರೆ ತಿರುಗಿಸಿ ಹಾಜರಿ ಪುಸ್ತಕ ಬಿಚ್ಚಿದ, ರಾತ್ರಿ ಉಂಡಿರಲಿಲ್ಲ, ಮಲ್ಲಿಗಮ್ಮ ತಟ್ಟೆ ಮುಂದಿಟ್ಟು ಯಾಕಿಂಗ್ ಕುಂತಿದ್ದೀಯ, ಸೋತೋರು ಆಡ್ದೋರು, ಬರ್ಕೊಂಡು ಕುಂತಿದ್ದ ನಿಂಗೇನು ಬಂತು ಅಂದಿದ್ದಳು, ಗಂಡನ ಮೋರೆ ನೋಡಿ ನಕ್ಕೂ ಇದ್ದಳು, ಅವಳಿಗೇನು ಹೇಳುವುದು — ಅಂಕಯ್ಯ, ಎಂದು ಕೂಗಿದ, ಇವ್ನಿ ಸ್ವಾಮಿ, ಸಾಲಿನಲ್ಲಿ ಒಂದು ಕೈ ಮೇಲೆದ್ದಿತು, ಗೀಟು ಹಾಕಿದ. ಕಬ್ಬಿನ ತೋಟದ ಆಳುಗಳೆಲ್ಲ ಹೊಂಗೆಮರದ ಕೆಳಗೆ ನಿಂತಿದ್ದಾರೆ, ಹೆಸರು ಕೂಗಿದರೆ ಕೈ ಎತ್ತಬೇಕು, ಬಾಯಲ್ಲಿ ಹೇಳಿದರಷ್ಟೇ ಸಾಲದು, ಒಬ್ಬನಿಗೆ ಇನ್ನೊಬ್ಬ ಓಗೊಡುತ್ತಾನೆಂದು ಓವರ್‌ಸೀಯರ್ ಚಲುವರಾಜು ಮಾಡಿದ ಕಟ್ಟಳೆ ಅದು, ಅವರು ಈಗ ಅವನ ಬೆನ್ನ ಹಿಂದೆಯೇ ಕುರ್ಚಿಯಲ್ಲಿ ಕೂತಿದ್ದಾರೆ, ಕುರ್ಚಿ ಕಿರುಗುಟ್ಟಿದಾಗಲೆಲ್ಲ ಅವನ ಕತ್ತು ತಾನಾಗಿ ಬಾಗುತ್ತದೆ. ಹಾಜರಿ ಮುಗಿದ ಮೇಲೆ ಬೆಂಗಳೂರಿಗೆ ಆಡಲು ಹೋಗುವ ತಂಡದ ಹೆಸರು ಹೇಳಿಬಿಡೋಣ ಪುಟ್ಟಮಾದಯ್ಯ, ಆಟದಿಂದ ಹೊರಕ್ಕೆ ಹಾಕಿಸಿಕೊಂಡವನನ್ನ ಕರಕೊಂಡು ಹೋದರೆ ಅಲ್ಲಿಯವರು ನಕ್ಕಾರು, ನಿಂಗಯ್ಯ ಬೇಡ, ಎಂದು ಈಗ ತಾನೇ ಹೇಳಿದರು, ಆಗಲಿ ಸಾರ್ ಎಂದ ಇವನು, ಅಷ್ಟು ಸಲೀಸಾಗಿ, ಕೆಮ್ಮಿದಷ್ಟು ಸಲೀಸಾಗಿ. ನಿಜ ಹೇಳುವುದಾದರೆ ಹಾಜರಿ ಮುಗಿಯುವುದರೊಳಗೆ ಹೇಳಬೇಕು. ಚಿಕ್ಕಮಾದು — ಕೈ — ಗೀಟು.

ನಿನ್ನೆ ಮಂಡ್ಯದ ಮೈದಾನದಲ್ಲಿ, ಬೆಂಗಳೂರಿಗೆ ಯಾರು ಯಾರು ಹೋಗಬೇಕೆಂದು ಆರಿಸಲು, ಮಳವಳ್ಳಿಯವರ ಮೇಲೆ ಬ್ಯಾಸ್ಕೆಟ್‌ಬಾಲ್, ಆಳುಗಳ ಬಾಯಲ್ಲಿ ಬುಟ್ಟಿಚೆಂಡು, ಸುಣ್ಣದ ಗೆರೆಯ ಪಕ್ಕ ಮೇಜು ಹಾಕಿ ಸ್ಕೋರು ಬರೆಯಲು ಅವನನ್ನು ಕೂರಿಸಿದ್ದರು, ಸಂಜೆ ಶಾಲೆಯಲ್ಲಿ ಕಲಿತವನು, ಅಂಕಿ ದುಂಡಗೆ ಬರೆಯುತ್ತಾನೆ ಎಂದು, ಅವನಿಗೂ ಎಷ್ಟು ಹೆಮ್ಮೆ, ಹೊಸ ನಿಬ್ಬು ಸಿಕ್ಕಿಸಿಕೊಂಡು ಹೋಗಿದ್ದ. ಪ್ರತಿ ಆಟಗಾರನಿಗೂ ಒಂದು ಸಾಲು, ಬುಟ್ಟಿಗೆ ಬಿದ್ದದ್ದು ಒಂದು ಕಡೆ, ತಪ್ಪಿದ್ದು ಒಂದು ಕಡೆ, ಕೊನೆಗೆ ಫೌಲು, ನಾಲ್ಕಾದರೆ ಆಟದಿಂದ ಹೊರಗೆ. ನಿಂಗಯ್ಯನ ಸಾಲು ತುಂಬುತ್ತಲೇ ಹೋಯಿತು, ಬರಿಗಾಲಲ್ಲಿ ಆಡಿದ, ತಂಡಕ್ಕೆ ಸೇರಿದರೆ ಕ್ಯಾನ್ವಾಸು ಬೂಟು ಕೊಡ್ತಾರಂತೆ ಕಣ್ಲಾ, ಹಾಕ್ಕೊಂಡೇ ಮನಿಕ್ಕೋತೀನಿ, ಎನ್ನುತ್ತಿದ್ದ, ರೈಲಲ್ಲಿ ಕಿಟಕಿ ನಂದು, ಈಗ್ಲೇ ಯೋಳಿವ್ನಿ, ಎನ್ನುತ್ತಿದ್ದ, ಹನ್ನೊಂದು ಪಾಯಿಂಟು ಅವನೊಬ್ಬನದೇ. ಚಲುವರಾಜು ಅವರದು ಎರಡು. ಅವರೇ ಕ್ಯಾಪ್ಟನ್. ಇಬ್ಬರ ಹೆಸರಿನ ಮುಂದೂ ಮೂರು ಮೂರು ಫೌಲು. ಆಮೇಲೆ ಮಳವಳ್ಳಿ ಹುಡುಗ ಚೆಂಡು ಹಿಡಿದು ಮೇಲಕ್ಕೆ ನೆಗೆದದ್ದು, ಪಕ್ಕೆಗೆ ಮೊಣಕೈ ಹೊಕ್ಕದ್ದು, ಅದು ಚಲುವರಾಜು ಅವರ ಮೊಣಕೈ, ಬಿಳಿ ಬನಿಯನ್ನು, ಕೈಗಡಿಯಾರ ಕಟ್ಟುವ ಜಾಗದ ಬಿಳಿ ಪಟ್ಟೆ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತೇನೋ, ಇಲ್ಲ, ಬಿಸಿಲು ಬೆನ್ನಿಗಿತ್ತು, ಕಂಡದ್ದು ಕಂಡಿತ್ತು. ಸೀಟಿ ಕೂಗಿತು. ಮೈಸೂರಿನಿಂದ ಬಂದ ರೆಫರಿ ಮೇಷ್ಟರಿಗೆ ಯಾರ ಹೆಸರೂ ಗೊತ್ತಿಲ್ಲ, ನಿಂಗಯ್ಯ, ಚಲುವರಾಜು ಇಬ್ಬರೂ ಅಲ್ಲೇ ಇದ್ದರು, ಗುಂಪಿನಲ್ಲಿ ಯಾರೆಂದು ಕಾಣಲಿಲ್ಲ, ತಾಕಿಸಿದವರು ಕೈ ಎತ್ತಿ, ಎಂದರು, ಯಾರೂ ಎತ್ತಲಿಲ್ಲ, ಮೇಜಿನ ಕಡೆ ತಿರುಗಿ ನೀವು ನೋಡಿದಿರಾ, ಎಂದರು. ಚಲುವರಾಜು ಮಂಡಿ ತಿಕ್ಕಿಕೊಳ್ಳುತ್ತ ಇವನನ್ನು ನೋಡಿದರು, ನೋಡಿದರು ಅಷ್ಟೇ, ಕಣ್ಣು ಕೂಡ ಮಿಟುಕಿಸಲಿಲ್ಲ, ಕೆಲಸ ಕೊಡಿಸಿದ ದಿನ ನೋಡಿದಂತೆಯೇ. ಇವನ ಬಾಯಿ ತೆರೆಯಿತು. ನಿಂಗಯ್ಯ, ಎಂದಿತು.

ಕೇಳಿದ್ದಲ್ಲವೇ ಅದು, ನಿಂಗಯ್ಯ, ನೀನು ನೋಡಿದೆಯಾ ಎಂದು ಕೇಳಲು ಹೊರಟದ್ದಲ್ಲವೇ, ರಾತ್ರಿಯೆಲ್ಲ ಹೊರಳಾಡಿ ಹಾಗೆಂದು ತನಗೆ ತಾನೇ ಹೇಳಿಕೊಂಡ, ಸುಳ್ಳು, ದಿನಾ ಬೆಳಗ್ಗೆ ಕೂಗುವ ದನಿಯಲ್ಲೇ ಕೂಗಿದ್ದ, ಅದೇ ಎಳೆತ, ಅದೇ ಗತ್ತು, ಆ ದನಿಗೆ ಆ ಮನುಷ್ಯ ಇನ್ನೇನು ಮಾಡಿಯಾನು, ವರ್ಷಗಟ್ಟಲೆ ಮಾಡಿದ್ದನ್ನೇ ಮಾಡಿದ, ಕೈ ಎತ್ತಿದ. ಯೋಚಿಸಲೂ ಇಲ್ಲ. ರೆಫರಿ ತಲೆಯಾಡಿಸಿದರು, ಒಪ್ಪಿಕೊಂಡನಲ್ಲ, ಬರೆಯಿರಿ, ಎಂದರು, ಹೊಸ ನಿಬ್ಬು ಎಷ್ಟು ನಯವಾಗಿ ಓಡಿತು. ಅವನು ಹೊರಗೆ ಬಂದ ಮೇಲೆ ನಮ್ಮವರ ಒಂದು ಚೆಂಡೂ ಬುಟ್ಟಿ ಕಾಣಲಿಲ್ಲ, ಸೋತರು. ವಾಪಸು ಬರುವಾಗ ಗಾಡಿಯಲ್ಲಿ ಅಂಕಯ್ಯ, ಲೇ ನಿಂಗ, ಹೋರಿ ಆಯ್ದಂಗೆ ಆಯ್ದಲ್ಲಲಾ, ನಿನ್ನಿಂದ ಮಳವಳ್ಳಿಯೋರ ಕೈಲಿ ಮೂತಿಗೆ ಮಸಿ ಬಳಿಸ್ಕೊಂಡೋ, ಅಂದ, ಎಲ್ಲರೂ ನಕ್ಕರು, ಚಲುವರಾಜು ಅವರೂ. ನಿಂಗಯ್ಯ ಮಾತ್ರ ತನ್ನ ಮೊಣಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ನಂಗೇನೋ ತಾಕ್ದಂಗೇ ಇರ್ನಿಲ್ಲ ಕಣ್ಲಾ, ಆದ್ರೆ ಗುಮಾಸ್ತರು ನೋಡವ್ರಲ್ಲ, ಓದ್ಕಂಡೋರು, ಅವ್ರು ಸುಮ್ಕೆ ಕೂಗಾರಾ, ಎಂದ. ಆ ಮಾತಿಗಿಂತ ಬೈದಿದ್ದರೆ ವಾಸಿಯಿತ್ತು, ಗಾಡಿಯಿಂದ ಇಳಿಸಿ ಕಪಾಳಕ್ಕೆ ಬಿಟ್ಟಿದ್ದರೂ ವಾಸಿಯಿತ್ತು, ಇವನು ಗಾಡಿಯ ಹಿಂದುಗಡೆ ಕೂತು ಕಾಲುವೆಯ ನೀರು ನೋಡುತ್ತ ಹೋದ, ನೀರು ನೋಡುವುದೊಂದೇ ಕೆಲಸವೆಂಬಂತೆ.

ಹುಚ್ಚೀರಯ್ಯ — ಕೈ — ಗೀಟು. ಈಗಲೇ ತಿರುಗಿ, ಸಾರ್, ಅದು ತಮ್ಮ ಕೈ ತಾಕಿದ್ದು, ಎಂದುಬಿಟ್ಟರೆ, ತಾಕಿದ್ದಿರಬಹುದು ಎಂದರೂ ಸಾಕು, ನಾನೇ ಅವಸರದಲ್ಲಿ ತಪ್ಪಾಗಿ ಕೂಗಿದೆ ಎಂದರೂ ಸಾಕು, ಅವರೇನು ನುಂಗಿಬಿಡುವುದಿಲ್ಲ, ಆದರೆ ನಾಳೆ ಈ ಸಾಲಿನಲ್ಲಿ ನಿಂತು ತಾನೇ ಕೈ ಎತ್ತಬೇಕಾಗಿ ಬಂದರೆ, ಮಲ್ಲಿಗಮ್ಮ, ಮನೆ, ಮತ್ತೆ ಇದೇ, ಮತ್ತೆ ಲೆಕ್ಕ ತನ್ನ ಕಡೆಗೇ ತಿರುಗುತ್ತಿದೆ, ಎಂಥ ಗಂಡಸು ನೀನು. ಬೋರಯ್ಯ, ಎಂದ, ಕೈ, ಗೀಟು. ಮುಂದಿನ ಹೆಸರು ಕಾಣುತ್ತಿದೆ, ಕೂಗದೆ ಬಿಟ್ಟರೆ ಆ ಪಾಪದವನ ಕೂಲಿ ಹೋಗುತ್ತದೆ, ಕೂಗಲೇಬೇಕು, ಮೆತ್ತಗೆ ಕೂಗೋಣ, ಬೇರೆ ದನಿಯಲ್ಲಿ ಕೂಗೋಣ, ಮನುಷ್ಯ ಮನುಷ್ಯನನ್ನು ಕರೆದಂತೆ — ನಿಂಗಯ್ಯ. ಬಂದದ್ದು ಅದೇ ದನಿ. ಕೈ ಎದ್ದಿತು. ಅಂಗೈ ತುಂಬ ಕಬ್ಬಿನ ಗರಿ ಕುಯ್ದ ಗೀರುಗಳು, ನೆಟ್ಟಗೆ, ಎಲ್ಲರಿಗಿಂತ ಎತ್ತರಕ್ಕೆ. ಗೀಟು ಬೀಳುವವರೆಗೆ ಯಾರೂ ಕೈ ಇಳಿಸುವಂತಿಲ್ಲ. ಏನ್ರೀ, ಮುಂದಕ್ಕೆ ಕೂಗ್ರಿ, ಹಿಂದಿನಿಂದ ಚಲುವರಾಜು ಅವರ ದನಿ, ಕುರ್ಚಿ ಕಿರುಗುಟ್ಟಿತು, ಸಾರ್, ಎಂದ ಪುಟ್ಟಮಾದಯ್ಯ, ಸಾರ್, ಅದು — ಕೈ ಇನ್ನೂ ಮೇಲೇ ಇದೆ, ನಿಂಗಯ್ಯ ಇವನನ್ನೇ ನೋಡಿ ನಗುತ್ತಿದ್ದಾನೆ, ಇವ್ನಿ ಸ್ವಾಮಿ, ಕಾಣಾಕಿಲ್ವಾ, ಎನ್ನುತ್ತಿದ್ದಾನೆ, ನಿಬ್ಬು ಗೀಟು ಹಾಕದೆ ನಿಂತಿದೆ, ಕೈ, ಆ ಕೈ, ಮೇಲೇ —